ಸ್ಕ್ರೋಲ್ ಲಾಕ್ ದೀಪ ಮತ್ತು ನನ್ನ ಇಪ್ಪತ್ತು ವರ್ಷದ ಕಡತಗಳು: ಕನ್ನಡ ತಂತ್ರಾಂಶದ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಗೆ,
ಕನ್ನಡ ತಂತ್ರಾಂಶದ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವವಳು. ಸರ್ಕಾರಿ ಕಚೇರಿಗಳ ಎದುರು ಸಾಲಾಗಿ ಇಂಥ ಅಂಗಡಿಗಳು ಇರುತ್ತವಲ್ಲ, ಅದರಲ್ಲಿ ನನ್ನದೂ ಒಂದು. ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು, ಪಾಲುಪಟ್ಟಿ, ವಂಶವೃಕ್ಷ, ಸಂಘಗಳ ಆಯವ್ಯಯ ಪಟ್ಟಿ, ಜಾತ್ರೆಯ ಹ್ಯಾಂಡ್‌ಬಿಲ್, ತಿಥಿಯ ಕಾರ್ಡು ಎಲ್ಲವೂ ನನ್ನ ಕೈಯಲ್ಲಿ ಆಗುತ್ತವೆ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಕನ್ನಡ ಟೈಪ್ ಮಾಡುವುದೇ ನನ್ನ ಕೆಲಸ. ಇಪ್ಪತ್ತು ವರ್ಷ ದಾಟಿತು.

ಈ ವರ್ಷ ನನ್ನ ಕಂಪ್ಯೂಟರನ್ನು ವಿಂಡೋಸಿನಿಂದ ಲಿನಕ್ಸ್ ಎನ್ನುವ ಉಚಿತ ಕಾರ್ಯವ್ಯವಸ್ಥೆಗೆ ಬದಲಾಯಿಸಿದೆ. ಹಾಗೆ ಬದಲಾಯಿಸಿದಾಗ ಏನು ಕಳೆದುಹೋಯಿತು, ಅದರಲ್ಲಿ ಏನು ಸಿಕ್ಕಿತು, ಏನು ಇನ್ನೂ ಸಿಕ್ಕಿಲ್ಲ ಎಂದು ನಿಮಗೆ ತಿಳಿಸಬೇಕು. ನನ್ನ ಒಬ್ಬಳದೇ ಕಷ್ಟವಾಗಿದ್ದರೆ ಸುಮ್ನೆ ಇರುತ್ತಿದ್ದೆ. ನಮ್ಮ ಸಾಲಿನಲ್ಲೇ ಇನ್ನೂ ನಾಲ್ಕು ಅಂಗಡಿಯವರು ಇದೇ ದಾರಿಯಲ್ಲಿ ನಿಂತಿದ್ದಾರೆ. ಬೇರೆ ತಾಲ್ಲೂಕುಗಳಲ್ಲೂ ಇರುತ್ತಾರೆ.

ಮೊದಲು ಯಾಕೆ ಬದಲಾಯಿಸಿದೆ ಎಂದು ಹೇಳಿಬಿಡುತ್ತೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಹನ್ನೊಂದಕ್ಕೆ ಹೋಗಬೇಕೆಂದರೆ ಕಂಪ್ಯೂಟರಿನಲ್ಲಿ ಟಿಪಿಎಂ 2.0 ಎನ್ನುವ ಭದ್ರತಾ ಚಿಪ್ ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ನನ್ನದು ನಾಲ್ಕನೇ ತಲೆಮಾರಿನ ಐ3. ಯಂತ್ರ ಗಟ್ಟಿಯಾಗಿದೆ, ಒಂದು ದಿನವೂ ಕೈಕೊಟ್ಟಿಲ್ಲ. ಆದರೂ ಹನ್ನೊಂದು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಪುಟಕ್ಕೆ ಇಷ್ಟು ರೂಪಾಯಿ ಎಂದು ದುಡಿಯುವ ನನಗೆ ಹೊಸ ಕಂಪ್ಯೂಟರ್ ಎಂದರೆ ಎಷ್ಟೋ ತಿಂಗಳ ದುಡಿಮೆ. ಜನರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಎಲ್ಲ ಅದರಲ್ಲೇ ಸ್ಕ್ಯಾನ್ ಆಗುತ್ತವೆ. ಭದ್ರತೆಯ ಅಪ್‌ಡೇಟ್ ಇಲ್ಲದ ಯಂತ್ರದಲ್ಲಿ ಅವನ್ನು ಇಟ್ಟುಕೊಳ್ಳಲು ನನಗೆ ಮನಸ್ಸು ಒಪ್ಪಲಿಲ್ಲ.

ನನ್ನ ಅಣ್ಣನ ಮಗ ಡಿಪ್ಲೊಮಾ ಓದುತ್ತಿದ್ದಾನೆ. "ಅತ್ತೆ, ಲಿನಕ್ಸ್ ಮಿಂಟ್ ಹಾಕಿಕೊಡ್ತೀನಿ, ದುಡ್ಡು ಕೊಡಬೇಕಾಗಿಲ್ಲ, ಇದೇ ಯಂತ್ರದಲ್ಲಿ ಓಡುತ್ತೆ" ಎಂದ. ಒಂದು ಭಾನುವಾರ ಕೂತು ಹಾಕಿಕೊಟ್ಟ. ಕಂಪ್ಯೂಟರ್ ಮೊದಲಿಗಿಂತ ಬೇಗ ಶುರುವಾಯಿತು. ಪ್ರಿಂಟರ್ ತಂತಾನೇ ಸಿಕ್ಕಿತು. ವರ್ಡ್ ಬದಲಿಗೆ ಬಳಸುವ ಲಿಬ್ರೆ ಆಫೀಸ್ ಕೈಗೆ ಬರಲು ಎರಡು ದಿನ ಸಾಕಾಯಿತು. ಇಷ್ಟರವರೆಗೆ ನನಗೆ ಏನೂ ದೂರಿಲ್ಲ.

ಸೋಮವಾರ ಬೆಳಿಗ್ಗೆ ಮೊದಲ ಗಿರಾಕಿ ಬಂದರು. ಜಮೀನಿನ ದಾರಿ ವಿಚಾರಕ್ಕೆ ಒಂದು ಅರ್ಜಿ. ಅರ್ಜಿ ಶುರುವಾಗುವುದು "ಇವರಿಗೆ" ಎಂದು. ನನ್ನ ಎಡಗೈ ತಂತಾನೇ ಜಾಗಕ್ಕೆ ಹೋಯಿತು, ಬಲಗೈ ಬೆರಳು ಸ್ಕ್ರೋಲ್ ಲಾಕ್ ಒತ್ತಿತು. ಏನೂ ಆಗಲಿಲ್ಲ. ದೀಪ ಹತ್ತಲಿಲ್ಲ.

ಆ ದೀಪದ ಬಗ್ಗೆ ಸ್ವಲ್ಪ ಹೇಳಬೇಕು. ಹಳೆಯ ಕೀಬೋರ್ಡುಗಳ ಬಲ ಮೂಲೆಯಲ್ಲಿ ಮೂರು ಪುಟ್ಟ ದೀಪ ಇರುತ್ತವೆ. ಅದರಲ್ಲಿ ಸ್ಕ್ರೋಲ್ ಲಾಕ್ ದೀಪ ಬೇರೆಯವರಿಗೆ ಹೆಚ್ಚಾಗಿ ಕೆಲಸಕ್ಕೆ ಬರುವುದಿಲ್ಲ. ನುಡಿ ಎನ್ನುವ ಕನ್ನಡ ಟೈಪಿಂಗ್ ತಂತ್ರಾಂಶ ಬಳಸುವ ನಮಗೆ ಮಾತ್ರ ಅದು ಬೇಕೇ ಬೇಕು. ಆ ಕೀಲಿ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ದೀಪ ಉರಿಯುತ್ತಿದ್ದರೆ ಕನ್ನಡದಲ್ಲಿ ಇದ್ದೇವೆ ಎಂದು ಅರ್ಥ. ಒಂದು ಅರ್ಜಿಯಲ್ಲಿ ಐಎಫ್‌ಎಸ್‌ಸಿ ಕೋಡ್ ಬರುತ್ತದೆ, ಇಮೇಲ್ ಬರುತ್ತದೆ, ವಾಹನದ ನಂಬರ್ ಬರುತ್ತದೆ. ದಿನಕ್ಕೆ ನೂರಾರು ಸಲ ಆಚೆ ಈಚೆ ಹೋಗಬೇಕು. ಪರದೆ ನೋಡದೆ, ಕಣ್ಣಂಚಿನಲ್ಲಿ ದೀಪ ನೋಡಿಕೊಂಡು ಟೈಪ್ ಮಾಡುವ ಅಭ್ಯಾಸ ನಮ್ಮದು.

ನಾನು ಟೈಪಿಂಗ್ ಕಲಿತದ್ದು ಗೋದ್ರೆಜ್ ಟೈಪ್‌ರೈಟರಿನಲ್ಲಿ. ಕನ್ನಡ ಜೂನಿಯರ್, ಸೀನಿಯರ್ ಎರಡೂ ಪಾಸು ಮಾಡಿದೆ. 2004ರಲ್ಲಿ ಕಂಪ್ಯೂಟರಿಗೆ ಬಂದಾಗ ಆ ಕೀಲಿಗಳ ವಿನ್ಯಾಸ ಪೂರ್ತಿ ಮರೆತು ಹೊಸದೊಂದನ್ನು ಕಲಿಯಬೇಕಾಯಿತು. ಆ ಹೊಸದು ನುಡಿ ತಂತ್ರಾಂಶದ ಜೊತೆ ಬಂದ ವಿನ್ಯಾಸ, ಕೆ.ಪಿ. ರಾವ್ ಅವರು ರೂಪಿಸಿದ್ದು. ಸರ್ಕಾರವೇ ಅದನ್ನು ಅಧಿಕೃತ ಎಂದು ಒಪ್ಪಿತು. ಎಷ್ಟು ಚೆನ್ನಾದ ವಿನ್ಯಾಸ ಎಂದು ಟೈಪ್ ಮಾಡಿದವರಿಗೇ ಗೊತ್ತು. "ಕನ್ನಡ" ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದೇ ಕೀಲಿ. ಎಫ್ ಒತ್ತಿದರೆ ಒತ್ತಕ್ಷರಕ್ಕೆ ಕೊಂಡಿ, ಡಬ್ಲ್ಯೂ ಒತ್ತಿದರೆ ಡ, ಕ್ಯೂ ಒತ್ತಿದರೆ ಟ. ಫೋನಿನಲ್ಲಿ ಮಾಡುವ ಹಾಗೆ ಇಂಗ್ಲಿಷ್ ಅಕ್ಷರಗಳಲ್ಲಿ "ಕನ್ನಡ" ಎಂದು ಬರೆದು ಬದಲಾಯಿಸುವ ಪದ್ಧತಿಯಲ್ಲಿ ಇದೇ ಪದಕ್ಕೆ ಏಳು ಅಕ್ಷರ ಬೇಕು. ಡ ಬರಲು ಶಿಫ್ಟ್ ಬೇರೆ. ಒಂದು ಪುಟಕ್ಕೆ ಇದು ದೊಡ್ಡ ವಿಷಯ ಅಲ್ಲ. ದಿನಕ್ಕೆ ನಲವತ್ತು ಪುಟ ಮಾಡುವವಳಿಗೆ ಬೆರಳು ನೋವಿನ ವಿಷಯ.

ಆ ಸೋಮವಾರ ಗಿರಾಕಿಯನ್ನು ಪಕ್ಕದ ಅಂಗಡಿಗೆ ಕಳಿಸಿದೆ. ಸಂಜೆ ಹುಡುಗ ಬಂದು ಕೀಬೋರ್ಡಿನ ಸೆಟ್ಟಿಂಗ್ ತೆರೆದು ನೋಡಿದ. ಅಲ್ಲಿ ಒಂದು ಉದ್ದ ಪಟ್ಟಿ. ಹುಡುಕಿದಾಗ "ಕನ್ನಡ, ಕಗಪ, ಫೋನೆಟಿಕ್" ಎಂದು ಒಂದು ಸಾಲು ಸಿಕ್ಕಿತು. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು, ನುಡಿ ತಂತ್ರಾಂಶ ಮಾಡಿದ ಸಂಸ್ಥೆ. ನಮ್ಮ ವಿನ್ಯಾಸ ಮೊದಲೇ ಒಳಗಿತ್ತು! ಅದೇ ಪಟ್ಟಿಯಲ್ಲಿ ಹಿಂದಿ, ಮರಾಠಿ, ಸಂಸ್ಕೃತ, ತೆಲುಗಿಗೂ ಕಗಪ ಎಂದೇ ಹೆಸರಿಟ್ಟ ವಿನ್ಯಾಸಗಳಿವೆ. ನಮ್ಮ ಪರಿಷತ್ತಿನ ಹೆಸರನ್ನು ಜಗತ್ತಿನ ಯಾವುದೇ ಮೂಲೆಯ ಲಿನಕ್ಸ್ ಯಂತ್ರದಲ್ಲಿ ತೆರೆದು ನೋಡಬಹುದು. ಯಾರೋ ಸ್ವಯಂಸೇವಕರು ಸಂಬಳ ಇಲ್ಲದೆ ಕೂತು ಸೇರಿಸಿದ್ದಾರೆ. ನನಗೆ ನಿಜವಾಗಿಯೂ ಹೆಮ್ಮೆಯಾಯಿತು. ಇದೊಂದು ಸಂಗತಿ ನಮ್ಮ ಕಡೆ ಟೈಪ್ ಮಾಡುವ ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ.

ಅದೇ ಸೆಟ್ಟಿಂಗಿನಲ್ಲಿ ಹುಡುಕಿ ಸ್ಕ್ರೋಲ್ ಲಾಕ್ ಕೀಲಿಯಿಂದಲೇ ಭಾಷೆ ಬದಲಾಗುವ ಹಾಗೆ ಮಾಡಿದ. ದೀಪ ಉರಿಯುವ ಆಯ್ಕೆಯೂ ಇತ್ತು. ಒತ್ತಿದೆ, ದೀಪ ಹತ್ತಿತು. ಕಣ್ಣು ತುಂಬಿ ಬಂತು ಎಂದರೆ ನೀವು ನಂಬುತ್ತೀರೋ ಇಲ್ಲವೋ.

ಮಂಗಳವಾರ ಮತ್ತೆ "ಇವರಿಗೆ" ಎಂದು ಟೈಪ್ ಮಾಡಿದೆ. ಐ ಕೀಲಿ ಒತ್ತಿದರೆ ಇ ಬರಬೇಕಿತ್ತು. ಚುಕ್ಕಿಗಳ ಒಂದು ಬಳೆ, ಅದರ ತಲೆ ಮೇಲೆ ಬರೀ ಗುಡಿಸು ಬಂತು. ನುಡಿಯಲ್ಲಿ ಐ ಕೀಲಿ ಬುದ್ಧಿವಂತ. ಪದದ ಮೊದಲಲ್ಲಿ ಒತ್ತಿದರೆ ಇ ಎನ್ನುವ ಪೂರ್ತಿ ಸ್ವರ ಕೊಡುತ್ತದೆ, ವ್ಯಂಜನದ ಮೇಲೆ ಒತ್ತಿದರೆ ಗುಡಿಸು ಕೊಡುತ್ತದೆ. ಹಿಂದೆ ಏನಿದೆ ಎಂದು ನೋಡಿಕೊಂಡು ಕೆಲಸ ಮಾಡುತ್ತದೆ. ಲಿನಕ್ಸಿನ ಈ ಪಟ್ಟಿಯ ವಿನ್ಯಾಸಕ್ಕೆ ಹಾಗೆ ಹಿಂದೆ ತಿರುಗಿ ನೋಡುವ ಶಕ್ತಿ ಇಲ್ಲ. ಒಂದು ಕೀಲಿಗೆ ಒಂದು ಗುರುತು, ಅಷ್ಟೇ. ಪೂರ್ತಿ ಇ ಬೇಕಾದರೆ ಬಲಗಡೆಯ ಆಲ್ಟ್ ಕೀಲಿ ಹಿಡಿದು ಐ ಒತ್ತಬೇಕು.

ಸರ್ಕಾರಿ ಪತ್ರದಲ್ಲಿ ಸ್ವರದಿಂದ ಶುರುವಾಗುವ ಪದಗಳು ಎಷ್ಟಿವೆ ನೋಡಿ. ಇವರಿಗೆ, ಉಲ್ಲೇಖ, ಈ ಮೇಲ್ಕಂಡ, ಎಕರೆ, ಒಟ್ಟು, ಊರಿನ, ಎಂದು, ಇಂತಿ. ಇಪ್ಪತ್ತು ವರ್ಷದಿಂದ ಎಣ್ಣೆ ಹಾಕಿದ ಗಾಲಿಯ ಹಾಗೆ ಓಡುತ್ತಿದ್ದ ಕೈ ಪ್ರತಿ ಸಾಲಿಗೂ ಎಡವಿತು. ಆ ದಿನ ಹದಿನಾಲ್ಕು ಪುಟ ಮಾಡಿದೆ. ಒಂದು ಅಫಿಡವಿಟ್‌ನಲ್ಲಿ "ಎರಡು ಎಕರೆ" ಎನ್ನುವುದು ಬರೀ ಚುಕ್ಕಿ ಬಳೆಯಾಗಿ ಪ್ರಿಂಟಾಗಿ, ಸ್ಟಾಂಪ್ ಪೇಪರ್ ಹಾಳಾಯಿತು. ಅದರ ದುಡ್ಡು ನಾನೇ ಕೊಟ್ಟೆ.

ಇದಕ್ಕೂ ಪರಿಹಾರ ಇತ್ತು, ಮೂರು ವಾರ ಆದ ಮೇಲೆ ಸಿಕ್ಕಿತು. ಐಬಸ್ ಎನ್ನುವ ಇನ್ನೊಂದು ವ್ಯವಸ್ಥೆ ಇದೆ. ಅದಕ್ಕೆ ಎಂ17ಎನ್ ಎನ್ನುವ ಒಂದು ತುಂಡನ್ನು ಬೇರೆಯಾಗಿ ಹಾಕಿಕೊಂಡರೆ ಅಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ ನಮ್ಮದೇ ವಿನ್ಯಾಸ ಸಿಗುತ್ತದೆ. ಅದರಲ್ಲಿ ಪದದ ಮೊದಲ ಸ್ವರ ಸರಿಯಾಗಿ ಬಂತು. ಆದರೆ ಅಲ್ಲಿ ಭಾಷೆ ಬದಲಿಸಲು ವಿಂಡೋಸ್ ಗುರುತಿನ ಕೀಲಿ ಮತ್ತು ಸ್ಪೇಸ್ ಎರಡನ್ನೂ ಒಟ್ಟಿಗೆ ಒತ್ತಬೇಕು. ನನ್ನ ದೀಪ ಮತ್ತೆ ಆರಿತು. ಸ್ವರ ಬೇಕೋ, ದೀಪ ಬೇಕೋ? ನಾನು ಸ್ವರವನ್ನೇ ಇಟ್ಟುಕೊಂಡೆ. ಈಗ ಕನ್ನಡದಲ್ಲಿದ್ದೇನೋ ಇಂಗ್ಲಿಷಿನಲ್ಲಿದ್ದೇನೋ ಎಂದು ಪ್ರತಿ ಸಲ ತಲೆ ಎತ್ತಿ ಪರದೆಯ ಮೂಲೆ ನೋಡುತ್ತೇನೆ. ಕತ್ತು ನೋಯುತ್ತದೆ.

ಒಂದು ಪುಟದ ಮಾಹಿತಿ ಕನ್ನಡದಲ್ಲಿ ಇದ್ದಿದ್ದರೆ ಈ ಮೂರು ವಾರ ಹೋಗುತ್ತಿರಲಿಲ್ಲ. ನನಗೆ ಓದಿದ ಹುಡುಗ ಮನೆಯಲ್ಲಿದ್ದ. ಇಲ್ಲದವರು ಏನು ಮಾಡಬೇಕು?

ಇಲ್ಲಿಯವರೆಗಿನದು ಬೆರಳಿನ ಕಷ್ಟ. ಇನ್ನು ಹೇಳುವುದು ಜಾಸ್ತಿ ದೊಡ್ಡದು.

ಒಬ್ಬ ತಾತ ಬಂದರು. 2011ರಲ್ಲಿ ಅವರ ಮನೆಯ ಪಾಲುಪಟ್ಟಿಯ ಕರಡನ್ನು ನಾನೇ ಟೈಪ್ ಮಾಡಿದ್ದೆ. ಅದೇ ಕರಡಿನಲ್ಲಿ ಒಂದು ಹೆಸರು ತಿದ್ದಿ ಇನ್ನೊಂದು ಪ್ರತಿ ಬೇಕಿತ್ತು ಅವರಿಗೆ. "ನಿನ್ ಹತ್ರ ಇರುತ್ತೆ ಅಂತ ಬಂದೆ ಕಣವ್ವ" ಎಂದರು. ಇತ್ತು. ಹಳೆಯ ಕಡತ ಒಂದನ್ನೂ ನಾನು ಅಳಿಸಿಲ್ಲ, ವರ್ಷವಾರು ಫೋಲ್ಡರ್ ಮಾಡಿ ಇಟ್ಟಿದ್ದೇನೆ. ತೆರೆದೆ. ಪರದೆ ತುಂಬ ಪಿ, ಕ್ಯೂ, ತಲೆ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಗುರುತು. ಒಂದು ಅಕ್ಷರ ಕನ್ನಡ ಇಲ್ಲ. ತಾತ ಇಣುಕಿ ನೋಡಿ "ಇದು ನಮ್ಮದಲ್ಲ" ಎಂದರು.

ಅದು ಅವರದೇ. ಯಾಕೆ ಹಾಗೆ ಕಾಣುತ್ತದೆ ಎಂದು ಈ ವಿಷಯ ಗೊತ್ತಿಲ್ಲದ ಓದುಗರಿಗಾಗಿ ಹೇಳುತ್ತೇನೆ. ನುಡಿ, ಬರಹ ತಂತ್ರಾಂಶಗಳು ಬಂದ ಕಾಲಕ್ಕೆ ಸಾಮಾನ್ಯ ಕಂಪ್ಯೂಟರುಗಳಿಗೆ ಕನ್ನಡ ಗೊತ್ತಿರಲಿಲ್ಲ. ಜಗತ್ತಿನ ಭಾಷೆಗಳ ಪ್ರತಿ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಎನ್ನುವ ಪದ್ಧತಿಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ಆದರೆ ವಿಂಡೋಸ್ ಅದನ್ನು ತೋರಿಸಲು ಕಲಿತದ್ದು 2001ರ ಎಕ್ಸ್‌ಪಿಯಲ್ಲಿ. ಅದಕ್ಕೇ ಒಂದು ಉಪಾಯ ಮಾಡಿದರು. ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕನ್ನಡದ ಅಕ್ಷರದ ತುಂಡುಗಳನ್ನು ಕೂರಿಸಿ ಫಾಂಟ್ ಮಾಡಿದರು. ಕಡತದ ಒಳಗೆ ಇರುವುದು ಪಿ ಮತ್ತು ಗೀಟಿನ ಎ. ನುಡಿ ಫಾಂಟ್ ಹಾಕಿದಾಗ ಪಿ ಜಾಗದಲ್ಲಿ ಕ-ದ ಮೈ ಕಾಣುತ್ತದೆ, ಗೀಟಿನ ಎ ಜಾಗದಲ್ಲಿ ತಲೆಕಟ್ಟು ಕಾಣುತ್ತದೆ. ಎರಡೂ ಸೇರಿ ಕ. ಪೌಂಡ್ ಗುರುತಿನ ಮೇಲೆ ಅದೇ ತಲೆಕಟ್ಟು ಬಂದರೆ ನ. ಆ ಕಾಲಕ್ಕೆ ಅದು ದೊಡ್ಡ ಉಪಕಾರ. ಅದು ಇಲ್ಲದಿದ್ದರೆ ನನಗೆ ಈ ಉದ್ಯೋಗವೇ ಇರುತ್ತಿರಲಿಲ್ಲ. ಆ ತಂತ್ರಾಂಶ ಮಾಡಿದವರ ಮೇಲೆ ನನಗೆ ಗೌರವ ಮಾತ್ರ ಇದೆ.

ನುಡಿ 01 ಇ ಫಾಂಟನ್ನು ಹಳೆಯ ಡಿಸ್ಕಿನಿಂದ ತಂದು ಲಿನಕ್ಸಿಗೆ ಹಾಕಿದೆ. ಪಾಲುಪಟ್ಟಿ ಕನ್ನಡವಾಯಿತು. ತಾತನ ಮುಖ ಅರಳಿತು. ಆದರೆ ಹೆಸರು ತಿದ್ದಲು ಕೂತರೆ ಆಗುತ್ತಿಲ್ಲ. ಲಿನಕ್ಸಿನ ಕೀಲಿಮಣೆ ಕೊಡುವುದು ಯೂನಿಕೋಡ್ ಅಕ್ಷರ. ಕಡತದಲ್ಲಿರುವುದು ಹಳೆಯ ತುಂಡುಗಳು. ನಾನು ಟೈಪ್ ಮಾಡಿದ ಹೆಸರು ಬೇರೆ ಫಾಂಟಿನಲ್ಲಿ, ಬೇರೆ ಗಾತ್ರದಲ್ಲಿ, ಸಾಲಿನಿಂದ ಮೇಲೆ ಎದ್ದು ಕೂತಿತು. ಅಂಥ ಕಾಗದವನ್ನು ಯಾವ ಕಚೇರಿಗೆ ಕೊಟ್ಟರೂ "ಇಲ್ಲಿ ಏನೋ ತಿದ್ದಿದ್ದೀರಿ" ಎಂದು ಅನುಮಾನ ಪಡುತ್ತಾರೆ. ಅನುಮಾನ ಪಡುವುದು ಸರಿಯೇ. ಕೊನೆಗೆ ಒಂಬತ್ತು ಪುಟವನ್ನೂ ಮೊದಲಿನಿಂದ ಟೈಪ್ ಮಾಡಿದೆ. ತಾತ ಸಂಜೆವರೆಗೆ ಬೆಂಚಿನ ಮೇಲೆ ಕೂತಿದ್ದರು. ಕೊನೆಯ ಬಸ್ಸು ತಪ್ಪಬಾರದು ಎಂದು ಗಳಿಗೆಗೊಮ್ಮೆ ಗೋಡೆ ಗಡಿಯಾರ ನೋಡುತ್ತಿದ್ದರು.

ಹಳೆಯ ಅಕ್ಷರವನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಇಲ್ಲವೇ ಎಂದು ನೀವು ಕೇಳಬಹುದು. ಇವೆ. ಕನ್ನಡದ ಸ್ವಯಂಸೇವಕರು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟ ಒಳ್ಳೆಯ ಪರಿವರ್ತಕಗಳನ್ನು ನಾನೂ ಬಳಸುತ್ತೇನೆ. ಪಠ್ಯವನ್ನು ನಕಲು ಮಾಡಿ ಅಂಟಿಸಿದರೆ ಕನ್ನಡ ಬರುತ್ತದೆ. ಆದರೆ ನನ್ನ ಕಡತಗಳು ಬರೀ ಪಠ್ಯ ಅಲ್ಲ. ಪಾಲುಪಟ್ಟಿ ಎಂದರೆ ಕೋಷ್ಟಕ: ಸರ್ವೆ ನಂಬರು, ಎಕರೆ, ಗುಂಟೆ, ಚೆಕ್ಕುಬಂದಿ. ಅಂಟಿಸಿದಾಗ ಗೆರೆಗಳೆಲ್ಲ ಹೋಗಿ ಅಂಕಿಗಳು ಒಂದರ ಕೆಳಗೆ ಒಂದು ರಾಶಿ ಬೀಳುತ್ತವೆ. ಇನ್ನೊಂದು ತೊಂದರೆ ಇದೆ. ಕಡತದಲ್ಲಿ ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡ ಆಗಿಬಿಡುತ್ತದೆ, ಅರ್ಥವಿಲ್ಲದ ಕನ್ನಡ. ಯಾಕೆಂದರೆ ಒಳಗೆ ಎರಡೂ ಒಂದೇ ಅಕ್ಷರಗಳು. ಯಾವುದು ಕನ್ನಡ, ಯಾವುದು ಇಂಗ್ಲಿಷ್ ಎಂದು ಹೇಳುವುದು ಫಾಂಟಿನ ಹೆಸರು ಮಾತ್ರ. ನಕಲು ಮಾಡಿ ಅಂಟಿಸುವಾಗ ಆ ಹೆಸರು ಉದುರಿಹೋಗುತ್ತದೆ. ಕಡತವನ್ನೇ ಓದಿ, ಯಾವ ಭಾಗ ನುಡಿ ಫಾಂಟಿನಲ್ಲಿದೆ ಎಂದು ನೋಡಿ, ಅಷ್ಟನ್ನೇ ಬದಲಾಯಿಸಿ, ಕೋಷ್ಟಕ ಮುಟ್ಟದೆ ವಾಪಸ್ ಕೊಡುವ ಪರಿವರ್ತಕ ಬೇಕು. ಅದು ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಓಡಬೇಕು.

ಹಾಗಾದರೆ ಹಳೆಯದನ್ನು ಬಿಟ್ಟು ಎಲ್ಲವನ್ನೂ ಯೂನಿಕೋಡಿನಲ್ಲಿ ಮಾಡಿಬಿಡೋಣ ಎಂದು ನಾನೂ ಯೋಚಿಸಿದೆ. ಯೂನಿಕೋಡಿನ ಲಾಭ ನನಗೆ ಗೊತ್ತು. ವಾಟ್ಸಾಪಿನಲ್ಲಿ ಕಳಿಸಿದರೆ ಯಾರ ಫೋನಿನಲ್ಲೂ ಓದಬಹುದು. ಸಾವಿರ ಕಡತದ ನಡುವೆ ಒಂದು ಹೆಸರು ಹುಡುಕಿದರೆ ಸಿಗುತ್ತದೆ. ಕಣ್ಣು ಕಾಣದವರ ಕಂಪ್ಯೂಟರ್ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಹಳೆಯ ನುಡಿ ಕಡತದಲ್ಲಿ ಇದು ಯಾವುದೂ ಆಗುವುದಿಲ್ಲ. ಆದರೆ ಒಂದು ಕಚೇರಿಗೆ ಪೆನ್‌ಡ್ರೈವಿನಲ್ಲಿ ಯೂನಿಕೋಡ್ ಕಡತ ತೆಗೆದುಕೊಂಡು ಹೋದಾಗ ಅಲ್ಲಿನ ಸಿಬ್ಬಂದಿ "ಮೇಡಂ, ನುಡಿಯಲ್ಲಿ ಮಾಡಿ ತನ್ನಿ, ಇದು ನಮ್ಮ ನಮೂನೆಗೆ ಕೂರಲ್ಲ" ಎಂದು ವಾಪಸ್ ಕಳಿಸಿದರು. ಒಂದು ಪ್ರೆಸ್ಸಿನವರೂ ಹಾಗೇ ಅಂದರು. ಪುಟ ಜೋಡಿಸುವ ಅವರ ಹಳೆಯ ತಂತ್ರಾಂಶ ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಪ್ರೆಸ್ಸಿನವರದು ಖಾಸಗಿ ವ್ಯವಹಾರ, ಅವರಿಗೆ ಏನು ಹೇಳುವುದು. ಕಚೇರಿಯವರು ಕೆಟ್ಟವರೇನಲ್ಲ, ಅವರ ಮೇಜಿನ ಮೇಲಿರುವ ನಮೂನೆಗಳೇ ಹಳೆಯವು. ಆದರೆ ಸರ್ಕಾರದ ಮೇಜಿನ ಮೇಲೆ ಹಳೆಯ ನಮೂನೆ ಇರುವಷ್ಟು ದಿನ ನಮ್ಮಂಥವರು ಹಳೆಯದಕ್ಕೇ ಕಟ್ಟಿಬಿದ್ದಿರಬೇಕು. ಹಳೆಯದು ವಿಂಡೋಸಿಗೆ ಕಟ್ಟಿಬಿದ್ದಿದೆ. ನನ್ನ ಯಂತ್ರದಲ್ಲಿ ಓಡುವ ಹಳೆಯ ವಿಂಡೋಸಿಗೆ ಈಗ ಕಾವಲಿಲ್ಲ.

ಪಕ್ಕದ ರಾಜ್ಯಗಳನ್ನು ನೋಡಿ ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಕಲಿಯಬಹುದಲ್ವಾ ಎಂದು ಹೇಳುತ್ತಿದ್ದೇನೆ. ತಮಿಳುನಾಡು 1999ರಲ್ಲಿ ತಮಿಳ್99 ಎನ್ನುವ ಕೀಲಿಮಣೆಯನ್ನು ತನ್ನ ಅಧಿಕೃತ ವಿನ್ಯಾಸ ಎಂದು ಘೋಷಿಸಿತು. ಇವತ್ತು ಅದು ವಿಂಡೋಸಿನ ಒಳಗೇ ಇದೆ, ಮ್ಯಾಕಿನ ಒಳಗೂ ಇದೆ, ಲಿನಕ್ಸಿನಲ್ಲೂ ಇದೆ. ತಮಿಳು ಟೈಪಿಸ್ಟ್ ಯಾವ ಯಂತ್ರದ ಮುಂದೆ ಕೂತರೂ ಆಯ್ಕೆ ಮಾಡಿಕೊಂಡರೆ ಸಾಕು. ನಾನು ಅಳಿಯನ ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ತೆರೆದು ನೋಡಿದೆ. ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ಇದೆ, ಫೋನೆಟಿಕ್ ಎಂದು ಇನ್ನೊಂದಿದೆ, ಎರಡೂ ಬೇರೆ ವಿನ್ಯಾಸಗಳು. ನಮ್ಮ ಸರ್ಕಾರ ಒಪ್ಪಿದ ವಿನ್ಯಾಸ ಅಲ್ಲಿರಲಿಲ್ಲ. ಆ ಲ್ಯಾಪ್‌ಟಾಪಿನಲ್ಲಿ ಸ್ಕ್ರೋಲ್ ಲಾಕ್ ಕೀಲಿಯೇ ಇರಲಿಲ್ಲ.

ಕೇರಳದಲ್ಲಿ ಶಾಲೆಗಳ ಕಂಪ್ಯೂಟರುಗಳು ವರ್ಷಗಟ್ಟಲೆಯಿಂದ ಲಿನಕ್ಸಿನಲ್ಲಿ ಓಡುತ್ತಿವೆ. ಅಲ್ಲಿನ ಸರ್ಕಾರದ ಕೈಟ್ ಸಂಸ್ಥೆ ತನ್ನದೇ ಒಂದು ಲಿನಕ್ಸ್ ಆವೃತ್ತಿ ಸಿದ್ಧಮಾಡಿ ಕೊಡುತ್ತದೆ. ಮಲಯಾಳಂಗೆ ಬೇಕಾದ ಫಾಂಟು, ಕೀಲಿಮಣೆ ಎಲ್ಲ ಅದರಲ್ಲಿ ಮೊದಲೇ ಕೂತಿರುತ್ತವೆ. ನಮ್ಮಲ್ಲಿ ಕೈ ಇಲ್ಲವೇ, ತಲೆ ಇಲ್ಲವೇ? ಬೆಂಗಳೂರಿನಲ್ಲಿ ಇರುವಷ್ಟು ಕಂಪ್ಯೂಟರ್ ಕೆಲಸಗಾರರು ಬೇರೆಲ್ಲಿದ್ದಾರೆ? ಗುಬ್ಬಿ, ನವಿಲು ಎಂಬ ಚೆಂದದ ಕನ್ನಡ ಫಾಂಟುಗಳನ್ನು ನಮ್ಮವರೇ ಮಾಡಿ ಲಿನಕ್ಸಿಗೆ ಕೊಟ್ಟಿದ್ದಾರೆ. ಕೇಳಿದರೆ ಮಾಡುವವರು ಇದ್ದಾರೆ. ಕೇಳುವ ಕೆಲಸ ಸರ್ಕಾರದಿಂದ ಆಗಬೇಕು.

ನನ್ನ ಬೇಡಿಕೆಗಳು ದೊಡ್ಡವಲ್ಲ. ಎಲ್ಲಕ್ಕಿಂತ ಮೊದಲು ಬೇಕಾದದ್ದು, ಖರ್ಚೂ ಇಲ್ಲದ್ದು, ಕನ್ನಡದಲ್ಲಿ ಒಂದು ಪುಟದ ಮಾಹಿತಿ. ವಿಂಡೋಸ್ 11ರಲ್ಲಿ, ಲಿನಕ್ಸಿನಲ್ಲಿ, ಮ್ಯಾಕಿನಲ್ಲಿ ನಮ್ಮ ಅಧಿಕೃತ ಕೀಲಿಮಣೆ ಹಾಕಿಕೊಳ್ಳುವುದು ಹೇಗೆ ಎಂದು ಚಿತ್ರಗಳ ಸಮೇತ ಬರೆದು ಪ್ರಕಟಿಸಿ. ಪ್ರತಿ ತಾಲ್ಲೂಕು ಕಚೇರಿಯ ನೋಟಿಸ್ ಬೋರ್ಡಿಗೆ ಒಂದು ಅಂಟಿಸಿ. ನಮ್ಮ ಅಂಗಡಿಗಳಿಗೆ ನಾವೇ ಜೆರಾಕ್ಸ್ ಮಾಡಿಕೊಳ್ಳುತ್ತೇವೆ.

ಲಿನಕ್ಸಿನಲ್ಲಿರುವ ಕಗಪ ವಿನ್ಯಾಸವನ್ನು ನೋಡಿಕೊಳ್ಳುವ ಸ್ವಯಂಸೇವಕರ ಜೊತೆ ನಿಮ್ಮ ತಾಂತ್ರಿಕ ಸಿಬ್ಬಂದಿ ಒಮ್ಮೆ ಮಾತಾಡಲಿ. ಪದದ ಮೊದಲ ಸ್ವರವೂ ಸರಿಯಾಗಿ ಬರಬೇಕು, ಸ್ಕ್ರೋಲ್ ಲಾಕ್ ಕೀಲಿಯೂ ಕೆಲಸ ಮಾಡಬೇಕು, ದೀಪವೂ ಉರಿಯಬೇಕು. ಮೂರೂ ಒಟ್ಟಿಗೆ. ಸ್ಕ್ರೋಲ್ ಲಾಕ್ ಇಲ್ಲದ ಲ್ಯಾಪ್‌ಟಾಪಿಗೆ ಬೇರೆ ಯಾವ ಕೀಲಿ ಎಂದು ಸರ್ಕಾರವೇ ಒಂದು ನಿಗದಿ ಮಾಡಲಿ. ಒಬ್ಬೊಬ್ಬರ ಯಂತ್ರದಲ್ಲಿ ಒಂದೊಂದು ಇದ್ದರೆ ಬೇರೆಯವರ ಅಂಗಡಿಯಲ್ಲಿ ಒಂದು ದಿನ ಕೂತು ದುಡಿಯಲೂ ಆಗುವುದಿಲ್ಲ. ಹಾಗೆಯೇ ವಿಂಡೋಸ್ ಮತ್ತು ಮ್ಯಾಕ್ ಮಾಡುವ ಕಂಪನಿಗಳಿಗೆ, ನಮ್ಮ ಅಧಿಕೃತ ವಿನ್ಯಾಸವನ್ನೂ ನಿಮ್ಮ ಪಟ್ಟಿಗೆ ಸೇರಿಸಿ ಎಂದು ಸರ್ಕಾರದ ಕಡೆಯಿಂದ ಪತ್ರ ಹೋಗಲಿ. ನನ್ನಂಥವಳು ಬರೆದರೆ ಅದಕ್ಕೆ ಬೆಲೆ ಇರುವುದಿಲ್ಲ. ಒಂದು ರಾಜ್ಯ ಬರೆದರೆ ಇರುತ್ತದೆ.

ಕೋಷ್ಟಕ ಕೆಡಿಸದೆ ಇಡೀ ಕಡತ ಬದಲಾಯಿಸುವ ಪರಿವರ್ತಕದ ಬಗ್ಗೆ ಮೇಲೆ ಹೇಳಿದ್ದೇನೆ. ಅದನ್ನು ಮಾಡಿಸುವಾಗ ಅದರ ಮೂಲ ಸಂಕೇತವನ್ನೂ (ಸೋರ್ಸ್ ಕೋಡ್) ಎಲ್ಲರಿಗೂ ತೆರೆದಿಡಿ. ಹಳೆಯ ಫಾಂಟಿನ ಯಾವ ತುಂಡಿಗೆ ಯೂನಿಕೋಡಿನ ಯಾವ ಅಕ್ಷರ ಎನ್ನುವ ಪಟ್ಟಿಯನ್ನೂ ಪ್ರಕಟಿಸಿ. ಮುಂದೆ ಇನ್ನೊಂದು ಕಾರ್ಯವ್ಯವಸ್ಥೆ ಬಂದರೆ ಆಗಿನವರು ಮತ್ತೆ ಸೊನ್ನೆಯಿಂದ ಶುರು ಮಾಡಬಾರದು. ಈ ರಾಜ್ಯದ ಎಷ್ಟು ಮನೆಗಳ ಪಾಲುಪಟ್ಟಿ, ಎಷ್ಟು ಸಂಘಗಳ ನಡಾವಳಿ, ಎಷ್ಟು ಊರುಗಳ ಜಾತ್ರೆ ಲೆಕ್ಕ ಆ ಹಳೆಯ ತುಂಡುಗಳಲ್ಲಿ ಕೂತಿದೆ ಎಂದು ನಮ್ಮಂಥ ಅಂಗಡಿಗಳಿಗೆ ಬಂದು ನೋಡಿದರೆ ಗೊತ್ತಾಗುತ್ತದೆ.

ಕೊನೆಯದಾಗಿ, ಯೂನಿಕೋಡಿನಲ್ಲಿ ಮಾಡಿದ ಕಡತವನ್ನು ಯಾವ ಸರ್ಕಾರಿ ಕಚೇರಿಯೂ ತಿರಸ್ಕರಿಸಬಾರದು ಎಂದು ಒಂದು ಸುತ್ತೋಲೆ ಕಳಿಸಿ. ಸುತ್ತೋಲೆಯ ಜೊತೆಗೆ ಹೊಸ ನಮೂನೆಗಳನ್ನೂ ಯೂನಿಕೋಡಿನಲ್ಲಿ ಮಾಡಿ ಕಳಿಸಿ. ನಮೂನೆ ಬದಲಾಗದೆ ಸುತ್ತೋಲೆ ಮಾತ್ರ ಬಂದರೆ ಕೆಳಗಿನ ಸಿಬ್ಬಂದಿಗೂ ನಮಗೂ ಜಗಳವಾಗುತ್ತದೆ ಅಷ್ಟೇ.

ಪರಿವರ್ತಕವನ್ನು ಪರೀಕ್ಷೆ ಮಾಡಲು ನಿಜವಾದ ಹಳೆಯ ಕಡತಗಳು ಬೇಕಾಗುತ್ತವೆ. ನನ್ನ ಹತ್ತಿರ 2004ರಿಂದ ಇತ್ತೀಚಿನವರೆಗಿನ ಎಲ್ಲ ಬಗೆಯ ನಮೂನೆಗಳಿವೆ: ಕೋಷ್ಟಕ ಇರುವುದು, ಇಂಗ್ಲಿಷ್ ಬೆರೆತದ್ದು, ಕನ್ನಡ ಅಂಕಿ ಇರುವುದು, ಒಂದೇ ಪುಟದಲ್ಲಿ ನುಡಿ ಮತ್ತು ಬರಹ ಎರಡೂ ಇರುವುದು. ಜನರ ಹೆಸರು, ಸರ್ವೆ ನಂಬರುಗಳನ್ನು ತೆಗೆದುಹಾಕಿ ಎಷ್ಟು ಬೇಕಾದರೂ ಕೊಡುತ್ತೇನೆ. ನಿಮ್ಮವರು ಯಾರಾದರೂ ಬರುವುದಾದರೆ ಮಂಗಳವಾರ ಬೇಡ, ಅವತ್ತು ಸಂತೆ, ಅಂಗಡಿಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಉಳಿದ ಯಾವ ದಿನವಾದರೂ ಸರಿ, ಮಧ್ಯಾಹ್ನ ಎರಡರ ಮೇಲೆ ಬಂದರೆ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತಾಲ್ಲೂಕು ಕೇಂದ್ರದ ಒಬ್ಬ ಟೈಪಿಸ್ಟ್,
ಹಾಸನ ಜಿಲ್ಲೆ